ದಾಲ್ ಮಿಲ್‌ಗೆ ಯಂತ್ರ ಬಂತು, ಅವ್ವನ ಕೆಲಸ ಹೋಯಿತು. ಎಲ್ಲರಿಗೂ ತಿಂಗಳ ಹಣ ಕೊಟ್ಟರೆ ಸರಿಹೋಗುತ್ತದಾ?

ಪ್ರಶ್ನೆ: ಪದವಿ ವಿದ್ಯಾರ್ಥಿನಿ, ಕಲಬುರಗಿ

ಸರ್, ನಮಸ್ಕಾರ. ನಮ್ಮ ಅವ್ವ ಇಲ್ಲಿನ ಒಂದು ದಾಲ್ ಮಿಲ್‌ನಲ್ಲಿ ಹನ್ನೊಂದು ವರ್ಷ ಬೇಳೆ ಆರಿಸುತ್ತಿದ್ದಳು. ಹೋದ ದೀಪಾವಳಿಗೆ ಮುಂಚೆ ಮಿಲ್‌ಗೆ ಬೇಳೆ ಆರಿಸುವ ಸಾರ್ಟೆಕ್ಸ್ ಯಂತ್ರ ಬಂತು. ಹದಿನಾಲ್ಕು ಹೆಣ್ಣುಮಕ್ಕಳಲ್ಲಿ ಮೂವರನ್ನು ಇಟ್ಟುಕೊಂಡರು. ಉಳಿದವರಿಗೆ ನಾಳೆಯಿಂದ ಬರಬೇಡಿ ಎಂದರು. ಯಂತ್ರಗಳಿಂದ ಕೆಲಸ ಹೋಗುವ ಕಾಲದಲ್ಲಿ ಸರ್ಕಾರ ಪ್ರತಿಯೊಬ್ಬರಿಗೂ ತಿಂಗಳಿಗೆ ಇಷ್ಟು ಅಂತ ಹಣ ಕೊಡಬೇಕು, ಅದಕ್ಕೆ 'ಸಾರ್ವತ್ರಿಕ ಮೂಲ ಆದಾಯ' ಅನ್ನುತ್ತಾರೆ ಎಂದು ಒಂದು ವಿಡಿಯೋದಲ್ಲಿ ನೋಡಿದೆ. ಇದು ಆಗುವ ಮಾತಾ? ಅವ್ವನಂಥವರಿಗೆ ಇದರಿಂದ ಏನಾದರೂ ಆಗುತ್ತದಾ?

ಉತ್ತರ: ಅರ್ಥಶಾಸ್ತ್ರ ಉಪನ್ಯಾಸಕ

ತಂಗಿ, ನಿನ್ನ ಪ್ರಶ್ನೆ ಓದಿ ಸಂಕಟವಾಯಿತು. ಆ ಯಂತ್ರ ಕೆಲಸ ಮಾಡುವುದನ್ನು ನಾನು ನೋಡಿದ್ದೇನೆ. ಬೇಳೆ ಸಾಲಾಗಿ ಜಾರಿ ಬೀಳುತ್ತದೆ. ಕ್ಯಾಮೆರಾ ಒಂದೊಂದನ್ನೂ ನೋಡುತ್ತದೆ. ಬಣ್ಣ ಕೆಟ್ಟಿದ್ದರೆ ಗಾಳಿ ಊದಿ ಪಕ್ಕಕ್ಕೆ ಹಾರಿಸುತ್ತದೆ. ಹತ್ತಾರು ಜನ ದಿನವಿಡೀ ಕೂತು ಮಾಡುವುದನ್ನು ಸ್ವಲ್ಪ ಹೊತ್ತಿನಲ್ಲಿ ಮುಗಿಸುತ್ತದೆ. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಜಿಐ ಟ್ಯಾಗ್, ಅಂದರೆ ಇದು ಈ ಊರಿನದ್ದೇ ಎಂಬ ಸರ್ಕಾರಿ ಗುರುತು, ಸಿಕ್ಕಾಗ ಎಲ್ಲರೂ ಸಂತೋಷಪಟ್ಟೆವು. ಆ ಹೆಸರು ಬಂದದ್ದರಲ್ಲಿ ನಿಮ್ಮ ಅವ್ವನಂಥವರ ಕಣ್ಣು, ಬೆರಳುಗಳ ಪಾಲೂ ಇದೆ.

ಈಗ ಹಣದ ಮಾತು. ಮೂಲ ಆದಾಯ ಅಂದರೆ ಬಡವ, ಶ್ರೀಮಂತ ಎನ್ನದೆ, ಕೆಲಸ ಇದೆಯಾ ಇಲ್ಲವಾ ಎಂದು ಕೇಳದೆ, ಒಬ್ಬೊಬ್ಬರ ಖಾತೆಗೂ ತಪ್ಪದೆ ಹಣ ಹಾಕುವುದು. ನಮ್ಮ ಗೃಹಲಕ್ಷ್ಮಿ ಇದರ ಹತ್ತಿರದ ನೆಂಟ. 2023ರ ಆಗಸ್ಟ್‌ನಲ್ಲಿ ಶುರುವಾಯಿತು, ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಆದರೆ ಅದು ಮನೆಗೆ ಒಂದು. ತೆರಿಗೆ ಕಟ್ಟುವವರ ಮನೆಗೆ ಇಲ್ಲ.

ಎಲ್ಲರಿಗೂ ಕೊಡಲು ಆಗುತ್ತದಾ? ತರಗತಿಯಲ್ಲಿ ಬೋರ್ಡಿನ ಮೇಲೆ ಮಾಡಿಸುವ ಲೆಕ್ಕವನ್ನೇ ಇಲ್ಲಿ ಮಾಡುತ್ತೇನೆ. ದೇಶದಲ್ಲಿ 140 ಕೋಟಿ ಜನ ಎಂದುಕೊಳ್ಳೋಣ. ಒಬ್ಬರಿಗೆ ತಿಂಗಳಿಗೆ ಬರೀ 1,000 ರೂಪಾಯಿ ಕೊಟ್ಟರೂ ವರ್ಷಕ್ಕೆ 16.8 ಲಕ್ಷ ಕೋಟಿ ಬೇಕು. 2025-26ರ ಕೇಂದ್ರ ಬಜೆಟ್ಟೇ ಸುಮಾರು 50 ಲಕ್ಷ ಕೋಟಿ. ಅಂದರೆ ಮೂರರಲ್ಲಿ ಒಂದು ಪಾಲು. ಹಾಗಾಗಿ ನಾಳೆಯೇ ದೇಶದ ಎಲ್ಲರಿಗೂ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡ. 2016-17ರ ಕೇಂದ್ರ ಸರ್ಕಾರದ ಆರ್ಥಿಕ ಸಮೀಕ್ಷೆಯಲ್ಲಿ ಆಗಿನ ಮುಖ್ಯ ಆರ್ಥಿಕ ಸಲಹೆಗಾರ ಅರವಿಂದ ಸುಬ್ರಮಣಿಯನ್ ಇದಕ್ಕೆಂದೇ ಒಂದು ಅಧ್ಯಾಯ ಬರೆದಿದ್ದರು. ಅವರು ಲೆಕ್ಕ ಹಾಕಿದ್ದು ತಲೆಗೆ ವರ್ಷಕ್ಕೆ 7,620 ರೂಪಾಯಿ, ಅದೂ ನೂರರಲ್ಲಿ 75 ಜನರಿಗೆ ಮಾತ್ರ.

ಆದರೂ ನಾನು ಇದರ ಪರ ಇದ್ದೇನೆ. ಯಾಕೆ ಅಂದರೆ ಮಧ್ಯಪ್ರದೇಶದಲ್ಲಿ ಆದದ್ದನ್ನು ನೋಡು. 2011ರಲ್ಲಿ 'ಸೇವಾ' ಮಹಿಳಾ ಸಂಘಟನೆ ಯುನಿಸೆಫ್ ಹಣದಿಂದ 8 ಹಳ್ಳಿಗಳಲ್ಲಿ ಪ್ರಯೋಗ ಶುರು ಮಾಡಿತು. ದೊಡ್ಡವರಿಗೆ ತಿಂಗಳಿಗೆ 200 ರೂಪಾಯಿ, ಮಕ್ಕಳಿಗೆ 100. ಮುಂದೆ ಅದನ್ನು 300 ಮತ್ತು 150ಕ್ಕೆ ಏರಿಸಿದರು. ಹಣ ಸಿಗದ ಹಳ್ಳಿಗಳ ಜೊತೆ ಹೋಲಿಸಿ ನೋಡಿದರು. ಹಣ ಸಿಕ್ಕ ಕಡೆ ಊಟ ಸುಧಾರಿಸಿತ್ತು. ಮಕ್ಕಳು ಶಾಲೆಗೆ ಹೋಗುವುದು ಹೆಚ್ಚಾಗಿತ್ತು. ಜನ ಆಡು, ಕೋಳಿ, ಬೀಜ ಕೊಂಡಿದ್ದರು. ಕುಡಿತ ಹೆಚ್ಚಲಿಲ್ಲ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಬೇರೆ. ಪರರ ಹೊಲದ ಕೂಲಿ ಕಡಿಮೆ ಮಾಡಿ ತಮ್ಮದೇ ಹೊಲ, ತಮ್ಮದೇ ಸಣ್ಣ ಕಸುಬಿನಲ್ಲಿ ದುಡಿಯುವವರು ಹೆಚ್ಚಾದರು. ಕೈಯಲ್ಲಿ ನಾಲ್ಕು ಕಾಸು ಇದ್ದಾಗ ಮನುಷ್ಯ ಸಿಕ್ಕ ಕೂಲಿಗೆ ತಲೆಬಾಗಬೇಕಿಲ್ಲ.

ನಿಮ್ಮ ಅವ್ವನಿಗೆ ಈ ಹಣ ಹೋದ ಪಗಾರವನ್ನು ತುಂಬಿಕೊಡುವುದಿಲ್ಲ. ಮನೆ ಬಾಡಿಗೆ, ನಿನ್ನ ಓದು ಎಲ್ಲಾ ಅದರಲ್ಲಿ ನಡೆಯುವುದಿಲ್ಲ. ಆದರೆ ಮರುದಿನವೇ ಬಡ್ಡಿಗೆ ಸಾಲ ತರದೆ ಎರಡು ತಿಂಗಳು ನಿಂತು ಬೇರೆ ಕೆಲಸ ಹುಡುಕುವ ಧೈರ್ಯ ಕೊಡುತ್ತದೆ. ನಾನು ಕೇಳುವುದು ಅಷ್ಟು.

ಪ್ರಶ್ನೆ: ರೈತ, ಆಳಂದ ತಾಲ್ಲೂಕು

ಸರ್, ಕೂತಲ್ಲೇ ದುಡ್ಡು ಬಂದರೆ ಹೊಲಕ್ಕೆ ಯಾರು ಬರುತ್ತಾರೆ? ಈಗಲೇ ತೊಗರಿ ರಾಶಿಗೆ ಆಳು ಸಿಗದೆ ಯಂತ್ರ ಕರೆಸುತ್ತಿದ್ದೇವೆ.

ಉತ್ತರ

ಅಣ್ಣಾ, ನಾನೂ ತೊಗರಿ ಬೆಳೆಯುವ ಮನೆಯವನು. ನಿಮ್ಮ ಕಷ್ಟ ಗೊತ್ತು. ಫಿನ್ಲೆಂಡ್‌ನಲ್ಲಿ 2017 ಮತ್ತು 2018ರಲ್ಲಿ ಕೆಲಸವಿಲ್ಲದ 2,000 ಜನರಿಗೆ ತಿಂಗಳಿಗೆ 560 ಯೂರೋ ಕೊಟ್ಟರು. ಅವರು ಸೋಮಾರಿಗಳಾಗಲಿಲ್ಲ. ಹಣ ಸಿಗದವರಿಗಿಂತ ಕೆಲವೇ ದಿನ ಜಾಸ್ತಿ ದುಡಿದರು. ಮನಸ್ಸಿನ ಒತ್ತಡ ಕಡಿಮೆಯಾಯಿತು.

ಆದರೆ ನಿಮ್ಮ ಭಯದಲ್ಲಿ ನಿಜವೂ ಇದೆ. ಕೂಲಿ ಏರಬಹುದು. ಆ ಭಾರವನ್ನು ರೈತ ಒಬ್ಬನೇ ಹೊರಬಾರದು, ತೊಗರಿಗೆ ಸರಿಯಾದ ಬೆಲೆ ಸಿಗಬೇಕು. ಇನ್ನೊಂದು ವಿಷಯ. ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ 2019ರಿಂದ ನಿಮ್ಮ ಖಾತೆಗೂ ಬರುತ್ತಿರಬೇಕಲ್ವಾ? ಅದು ಬಂತೆಂದು ನೀವು ಬಿತ್ತನೆ ಬಿಟ್ಟಿಲ್ಲ.

ಪ್ರಶ್ನೆ: ಗುತ್ತಿಗೆ ಕಾರ್ಮಿಕ, ಶಹಾಬಾದ್

ಹಣ ಕೊಟ್ಟೆವಲ್ಲ ಅಂತ ಹೇಳಿ ರೇಷನ್ ನಿಲ್ಲಿಸಿಬಿಟ್ಟರೆ? ಮತ್ತೆ ಇಷ್ಟೊಂದು ಹಣ ಎಲ್ಲಿಂದ ತರುವುದು ಸರ್?

ಉತ್ತರ

ನನ್ನ ದೊಡ್ಡ ಆತಂಕವೂ ಅದೇ ತಮ್ಮಾ. ನಮ್ಮ ರಾಜ್ಯದಲ್ಲೇ ಇದರ ಅನುಭವ ಆಗಿದೆ. 2023ರ ಜುಲೈಯಿಂದ ಅನ್ನಭಾಗ್ಯದ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಕೊಟ್ಟರು. ಕಿರಾಣಿ ಅಂಗಡಿಯಲ್ಲಿ 34 ರೂಪಾಯಿಗೆ ಎಂಥ ಅಕ್ಕಿ ಸಿಗುತ್ತದೆ ಎಂದು ನಿಮ್ಮ ಮನೆಯವರನ್ನು ಕೇಳಿ. 2025ರ ಫೆಬ್ರವರಿಯಿಂದ ಮತ್ತೆ ಅಕ್ಕಿಯನ್ನೇ ಕೊಡಲು ಶುರು ಮಾಡಿದರು. ಬೆಲೆ ಏರಿದರೆ ಹಣ ಸವೆಯುತ್ತದೆ, ಅಕ್ಕಿ ಸವೆಯುವುದಿಲ್ಲ. ರೇಷನ್, ಸರ್ಕಾರಿ ಆಸ್ಪತ್ರೆ, ಶಾಲೆ ಹಾಗೇ ಇರಬೇಕು. ಹಣ ಅದರ ಮೇಲೆ ಬರಬೇಕು. ಅವನ್ನು ಕಿತ್ತುಕೊಂಡು ಕೊಡುವ ಮೂಲ ಆದಾಯ ನನಗೆ ಬೇಡ.

ಹಣದ ಮೂಲದ ಬಗ್ಗೆ ಅಮೆರಿಕದ ಅಲಾಸ್ಕ ರಾಜ್ಯ ನೆನಪಾಗುತ್ತದೆ. ಅಲ್ಲಿ ನೆಲದಡಿಯ ಎಣ್ಣೆಯಿಂದ ಬಂದ ಹಣದ ಒಂದು ಭಾಗವನ್ನು 1976ರಿಂದ ನಿಧಿಯಾಗಿ ಕೂಡಿಡುತ್ತಿದ್ದಾರೆ. ಅದರ ಗಳಿಕೆಯಿಂದ 1982ರಿಂದ ಅಲ್ಲಿ ನೆಲೆಸಿದ ದೊಡ್ಡವರಿಗೂ ಮಕ್ಕಳಿಗೂ ವರ್ಷಕ್ಕೊಮ್ಮೆ ಪಾಲು ಸಿಗುತ್ತಿದೆ. ನಮ್ಮಲ್ಲಿ ಎಣ್ಣೆ ಇಲ್ಲ, ಆದರೆ ಸೇಡಂ, ಚಿತ್ತಾಪುರ, ವಾಡಿ ಕಡೆ ಸುಣ್ಣಕಲ್ಲು ಇದೆ. ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೇ ಅದರ ಮೇಲೆ. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ಅಂತ ನಿಧಿ ಇದೆ. ಹಳೇ ಗಣಿಯವರು ರಾಯಲ್ಟಿಯ (ತೆಗೆದ ಖನಿಜಕ್ಕೆ ಸರ್ಕಾರಕ್ಕೆ ಕಟ್ಟುವ ಹಣ) ಜೊತೆಗೆ ಅದರ ನೂರಕ್ಕೆ 30ರಷ್ಟು, ಹರಾಜಿನಲ್ಲಿ ಪಡೆದವರು 10ರಷ್ಟು ಅದಕ್ಕೆ ಕಟ್ಟಬೇಕು. ಈಗ ಅದು ಗಣಿ ಊರುಗಳ ನೀರು, ಆರೋಗ್ಯ, ಶಾಲೆಯಂಥ ಕೆಲಸಗಳಿಗೆ ಇರುವ ಹಣ. ಅದಕ್ಕೆ ಕೈ ಹಾಕದೆ, ಅದೇ ದಾರಿಯಲ್ಲಿ ಇನ್ನೊಂದು ಸಣ್ಣ ನಿಧಿ ಮಾಡಿ, ಗಣಿ ಊರಿನ ಜನರ ಖಾತೆಗೆ ನೇರ ಪಾಲು ಯಾಕೆ ಕೊಡಬಾರದು? ಇದು ನನ್ನ ಸ್ವಂತ ಅಭಿಪ್ರಾಯ. ಕಲ್ಲು ಎತ್ತುವ ಕೆಲಸ ಯಂತ್ರಕ್ಕೆ ಹೋದರೂ ಕಲ್ಲು ನಮ್ಮ ನೆಲದ್ದೇ ಅಲ್ವಾ.

ಪ್ರಶ್ನೆ: ಮೊದಲು ಕೇಳಿದ ವಿದ್ಯಾರ್ಥಿನಿ

ಸರ್, ಅದೆಲ್ಲ ಬರುವವರೆಗೆ ಅವ್ವ ಏನು ಮಾಡಬೇಕು? ಮಿಲ್‌ನವರು ಲೆಕ್ಕ ಚುಕ್ತಾ ಅಂತ ಒಂದು ವಾರದ ಪಗಾರ ಕೊಟ್ಟು ಕಳಿಸಿದ್ದಾರೆ.

ಉತ್ತರ

ಚುಕ್ತಾ ಆಗಿಲ್ಲ ತಂಗಿ. ಯಂತ್ರ ತಂದರೆಂದು ಕಾರ್ಮಿಕರನ್ನು ತೆಗೆಯುವುದಕ್ಕೆ ಕಾನೂನಿನಲ್ಲಿ ಲೆಕ್ಕ ಇದೆ. ತೆಗೆಯುವ ಮುಂಚಿನ ಹನ್ನೆರಡು ತಿಂಗಳಲ್ಲಿ 240 ದಿನ ದುಡಿದಿದ್ದರೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಪಗಾರ ಕೊಡಬೇಕು. ಅದರ ಮೇಲೆ ದುಡಿದ ಪ್ರತಿ ವರ್ಷಕ್ಕೆ 15 ದಿನದ ಪಗಾರ ಪರಿಹಾರ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿದ್ದ ಈ ಲೆಕ್ಕ ಅದರ ಬದಲಿಗೆ ಬಂದ ಹೊಸ ಕಾನೂನು, ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಉಳಿದಿದೆ. ದಿನಗೂಲಿ 400 ಎಂದು ಹಿಡಿದರೆ ಹನ್ನೊಂದು ವರ್ಷಕ್ಕೆ 165 ದಿನ, 66,000 ರೂಪಾಯಿ. ವರ್ಷಗಟ್ಟಲೆ ದುಡಿದವರಿಗೆ ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿ ಬೇರೆ.

ಹನ್ನೊಂದು ಜನರೂ ಒಟ್ಟಿಗೆ ಕಾರ್ಮಿಕ ಇಲಾಖೆಗೆ ಅರ್ಜಿ ಕೊಡಿ. ಒಬ್ಬರೇ ಹೋಗಬೇಡಿ. ದುಡಿದದ್ದಕ್ಕೆ ಏನಾದರೂ ಪುರಾವೆ ಇದೆಯಾ ನೋಡು: ಪಗಾರದ ಚೀಟಿ, ಹಾಜರಿ, ಬ್ಯಾಂಕಿಗೆ ಬಂದ ಹಣ, ಏನಾದರೂ ಸರಿ.

ವಿದ್ಯಾರ್ಥಿನಿ

ಅವ್ವ ಚೀಟಿಗಳನ್ನೆಲ್ಲ ಟ್ರಂಕಿನಲ್ಲಿ ದಾರ ಕಟ್ಟಿ ಇಟ್ಟಿದ್ದಾಳೆ ಸರ್. ಮೊದಲ ಎರಡು ವರ್ಷದವು ಇಲ್ಲ.

ಉತ್ತರ

ಇದ್ದಷ್ಟು ಸಾಕು. ಎಲ್ಲದರ ಫೋಟೋ ತೆಗೆದಿಟ್ಟುಕೋ. ಮೂಲ ಚೀಟಿ ಯಾರ ಕೈಗೂ ಕೊಡಬೇಡ, ಝೆರಾಕ್ಸ್ ಮಾತ್ರ ಕೊಡು. ಅರ್ಜಿ ಬರೆಯುವುದಕ್ಕೆ ನಾನು ಕೂಡುತ್ತೇನೆ, ಉಳಿದ ಹತ್ತು ಜನರನ್ನೂ ಕರೆದುಕೊಂಡು ಬಾ.