ಸಹಾಯ ಬೇಕು: ದ್ವಿಸ್ಥಾನಪಲ್ಲಟ ಕ್ರಿಯೆ ಯಾವಾಗ ನಡೆಯುತ್ತದೆ?

ನಮಸ್ಕಾರ. ಮಗಳು ಹತ್ತನೇ ಕ್ಲಾಸು. ಅವಳಿಗೆ ಹೇಳಿಕೊಡಲು ಹೋಗಿ ನಾನೇ ಸಿಕ್ಕಿಹಾಕಿಕೊಂಡಿದ್ದೇನೆ.

ಸ್ಥಾನಪಲ್ಲಟ ಅರ್ಥವಾಯಿತು. ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಕಬ್ಬಿಣದ ಮೊಳೆ ಹಾಕಿಟ್ಟೆವು. ನೀಲಿ ಮಾಸಿತು, ಮೊಳೆಗೆ ಕಂದು ಲೇಪ ಹತ್ತಿತು. ಕಬ್ಬಿಣ ಜಾಸ್ತಿ ಚುರುಕು, ತಾಮ್ರವನ್ನು ಹೊರಗೆ ತಳ್ಳಿತು, ಅಲ್ವಾ?

ತಲೆಕೆಟ್ಟಿದ್ದು ದ್ವಿಸ್ಥಾನಪಲ್ಲಟದಲ್ಲಿ, ಅಂದರೆ ಎರಡು ಸಂಯುಕ್ತಗಳು ತಮ್ಮ ಜೋಡಿಗಳನ್ನು ಅದಲುಬದಲು ಮಾಡಿಕೊಳ್ಳುವ ಕ್ರಿಯೆಯಲ್ಲಿ. ಸೀಸದ ನೈಟ್ರೇಟ್‌ಗೆ ಪೊಟ್ಯಾಸಿಯಂ ಅಯೊಡೈಡ್ ಬೆರೆಸಿದರೆ ಹಳದಿ ಪ್ರಕ್ಷೇಪ (ಕರಗದೆ ತಳದಲ್ಲಿ ಕೂರುವ ವಸ್ತು) ಬರುತ್ತದೆ. ಸರಿ. ಹಾಗಾದರೆ ಉಪ್ಪುನೀರಿಗೆ ಪೊಟ್ಯಾಸಿಯಂ ನೈಟ್ರೇಟ್ ಬೆರೆಸಿದಾಗಲೂ ಜೋಡಿ ಬದಲಾಗಬೇಕಲ್ಲ? ಹಾಗೇ ಸಮೀಕರಣ ಬರೆಸಿದೆ. ಟೀಚರ್ ಅಡ್ಡಗೆರೆ ಎಳೆದು ‘ಕ್ರಿಯೆ ಇಲ್ಲ’ ಎಂದು ಬರೆದಿದ್ದಾರೆ. (ಮಗಳು ಇನ್ನೂ ನಗುತ್ತಿದ್ದಾಳೆ.)

ಕರಗದ ವಸ್ತು ಹುಟ್ಟಿದರೆ ಮಾತ್ರ ಕ್ರಿಯೆಯಾ? ಹೈಡ್ರೊಕ್ಲೋರಿಕ್ ಆಮ್ಲಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ಸೇರಿಸಿದಾಗ ತಳದಲ್ಲಿ ಏನೂ ಕೂರುವುದಿಲ್ಲ, ಆದರೂ ಕ್ರಿಯೆ ಅಂತಾರಲ್ಲ? ಸುಮ್ನೆ ಬಾಯಿಪಾಠದ ಸೂತ್ರ ಬೇಡ, ಕಾರಣ ಬೇಕು.