ಡೇಟ್ ಸ್ಕ್ವೇರ್ ಕತ್ತರಿಸುವಾಗ ಪುಡಿಯಾಗುತ್ತದೆ, ಖರ್ಜೂರ ಹರಿದು ಬರುತ್ತದೆ: ನನ್ನ ತಪ್ಪು ಎಲ್ಲಿದೆ?

ಸುಮಾ, ರಿಜೈನಾ

ಎಲ್ಲರಿಗೂ ನಮಸ್ಕಾರ. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ರಿಜೈನಾ ನಗರಕ್ಕೆ ನಾವು ಬಂದು ಎರಡು ವರ್ಷಗಳಾದವು. ಕಳೆದ ತಿಂಗಳು ಪಕ್ಕದ ಮನೆಯ ಹಿರಿಯರೊಬ್ಬರು ತಾವೇ ಮಾಡಿದ ಸಿಹಿಯೊಂದನ್ನು ತಂದುಕೊಟ್ಟರು. ಕೆಳಗೆ ಮತ್ತು ಮೇಲೆ ಓಟ್ಸ್, ಮೈದಾ, ಬೆಣ್ಣೆ ಸೇರಿದ ಗರಿಗರಿಯಾದ ಪದರ, ನಡುವೆ ಬೇಯಿಸಿ ನುಣ್ಣಗೆ ಮಾಡಿದ ಖರ್ಜೂರ. ಅವರು ಅದನ್ನು ‘ಮ್ಯಾಟ್ರಿಮೋನಿಯಲ್ ಕೇಕ್’ ಎಂದರು. ಅಂಗಡಿಯಲ್ಲಿ ಅದೇ ತಿನಿಸಿನ ಮೇಲೆ ‘ಡೇಟ್ ಸ್ಕ್ವೇರ್’ ಎಂದು ಬರೆದಿತ್ತು. ಮೊಟ್ಟೆ ಹಾಕಿಲ್ಲವೆಂದು ಅವರಿಂದಲೇ ಕೇಳಿ ಖಚಿತಪಡಿಸಿಕೊಂಡ ಮೇಲೆ, ಮೈಸೂರಿನಿಂದ ಬಂದಿರುವ ನಮ್ಮ ಅತ್ತೆಯವರು ಒಂದನ್ನು ತಿಂದರು, ಸ್ವಲ್ಪ ಹೊತ್ತಿನ ನಂತರ ಯಾರಿಗೂ ಹೇಳದೆ ಇನ್ನೊಂದನ್ನೂ ತಿಂದರು.

ಅಂದಿನಿಂದ ನಾನು ಮೂರು ಬಾರಿ ಮಾಡಿದ್ದೇನೆ. ರುಚಿಗೆ ಕೊರತೆಯಿಲ್ಲ, ಆದರೆ ಒಂದು ಬಾರಿಯೂ ಚೌಕವಾಗಿ ಕೈಗೆ ಬಂದಿಲ್ಲ. ಚಾಕು ತಾಗಿದೊಡನೆ ಮೇಲಿನ ಪದರ ಉದುರುತ್ತದೆ, ಕೆಳಗಿನದು ಒಡೆಯುತ್ತದೆ, ನಡುವಿನ ಖರ್ಜೂರ ಎರಡೂ ಬದಿಗೆ ಹರಿಯುತ್ತದೆ. ಕೊನೆಗೆ ಬಟ್ಟಲಿಗೆ ಹಾಕಿಕೊಂಡು ಚಮಚದಲ್ಲಿ ತಿನ್ನಬೇಕಾಗುತ್ತದೆ.

ನನ್ನ ಅಳತೆ ಹೀಗಿದೆ: ಬೇಗ ಬೇಯುವ ಓಟ್ಸ್ ಒಂದೂವರೆ ಕಪ್, ಮೈದಾ ಒಂದೂವರೆ ಕಪ್, ಬ್ರೌನ್ ಶುಗರ್ ಒಂದು ಕಪ್, ಅಡುಗೆ ಸೋಡಾ ಅರ್ಧ ಟೀ ಚಮಚ, ಚಿಟಿಕೆ ಉಪ್ಪು, ತಣ್ಣಗಿನ ಬೆಣ್ಣೆ ಮುಕ್ಕಾಲು ಕಪ್. ಬೀಜ ತೆಗೆದ 450 ಗ್ರಾಂ ಖರ್ಜೂರವನ್ನು ಎರಡು ಕಪ್ ನೀರಿನಲ್ಲಿ ಬೇಯಿಸುತ್ತೇನೆ. 9 ಇಂಚಿನ ಗಾಜಿನ ಚೌಕ ಪಾತ್ರೆಯಲ್ಲಿ ಹರಡಿ, 350 ಡಿಗ್ರಿ ಫ್ಯಾರನ್‌ಹೀಟ್ ಶಾಖದಲ್ಲಿ 30 ನಿಮಿಷ ಬೇಕ್ ಮಾಡಿ, ಹತ್ತು ನಿಮಿಷ ಬಿಟ್ಟು ಬಿಸಿಯಿರುವಾಗಲೇ ಕತ್ತರಿಸುತ್ತೇನೆ.

ಇನ್ನೊಂದು ಮಾತು. ಅತ್ತೆಯವರು ಮುಂದಿನ ತಿಂಗಳು ಮೈಸೂರಿಗೆ ಮರಳುತ್ತಾರೆ, ಅಲ್ಲಿಯೂ ಇದನ್ನು ಮಾಡಬೇಕೆಂಬುದು ಅವರ ಆಸೆ. ಮನೆಯಲ್ಲಿ ಓಟಿಜಿ (ಚಿಕ್ಕ ವಿದ್ಯುತ್ ಓವನ್) ಇದೆ. ಬ್ರೌನ್ ಶುಗರ್ ಬದಲು ಬೆಲ್ಲ ಬಳಸಬಹುದೇ? ತಿಳಿದವರು ದಯವಿಟ್ಟು ಹೇಳಿ.

ವಸಂತಾ, ವಿನಿಪೆಗ್

ಸುಮಾ ಅವರೇ, ನಿಮ್ಮ ಬರಹದ ಕೊನೆಯ ಸಾಲುಗಳನ್ನು ಓದುವಾಗ ನನಗೆ ನಗು ಬಂತು, ಏಕೆಂದರೆ ಇಲ್ಲಿಗೆ ಬಂದ ಮೊದಲ ವರ್ಷ ನಾನು ಮಾಡಿದ್ದೂ ಇದೇ ತಪ್ಪು. ಮೈಸೂರು ಪಾಕನ್ನಾಗಲಿ ಕೊಬ್ಬರಿ ಮಿಠಾಯಿಯನ್ನಾಗಲಿ ಬಿಸಿಯಿರುವಾಗಲೇ ಗೆರೆ ಎಳೆಯಬೇಕು, ಆರಿದ ಮೇಲೆ ಚಾಕು ಇಟ್ಟರೆ ಚೂರಾಗುತ್ತದೆ ಎಂದು ನಮಗೆಲ್ಲ ಅಮ್ಮಂದಿರು ಕಲಿಸಿದ್ದಾರೆ. ಅಲ್ಲಿ ಬಿಲ್ಲೆಯನ್ನು ಗಟ್ಟಿ ಮಾಡುವುದು ಸಕ್ಕರೆ ಪಾಕ. ಅದು ಆರಿದರೆ ಕಲ್ಲಿನಂತಾಗುತ್ತದೆ. ಡೇಟ್ ಸ್ಕ್ವೇರಿನಲ್ಲಿ ಪಾಕವೇ ಇಲ್ಲ. ಓಟ್ಸ್ ಮತ್ತು ಮೈದಾವನ್ನು ಹಿಡಿದಿಡುವುದು ಬೆಣ್ಣೆ, ಬಿಸಿಯಲ್ಲಿ ಅದು ಎಣ್ಣೆಯಾಗಿಯೇ ಇರುತ್ತದೆ. ಆದ್ದರಿಂದ ಇಲ್ಲಿ ನಮ್ಮ ಅಭ್ಯಾಸವನ್ನು ಸಂಪೂರ್ಣ ತಲೆಕೆಳಗು ಮಾಡಬೇಕು: ಪೂರ್ತಿ ಆರಲು ಬಿಟ್ಟು, ನಂತರ ಕನಿಷ್ಠ ಎರಡು ಗಂಟೆ ಫ್ರಿಜ್‌ನಲ್ಲಿಟ್ಟು, ಆಮೇಲೆ ಕತ್ತರಿಸಿ. ನಾನು ರಾತ್ರಿ ಬೇಕ್ ಮಾಡಿ ಬೆಳಿಗ್ಗೆ ಕತ್ತರಿಸುತ್ತೇನೆ.

ಎರಡನೆಯದು ನೀರು. 450 ಗ್ರಾಂ ಖರ್ಜೂರಕ್ಕೆ ಎರಡು ಕಪ್ ಬಹಳ ಹೆಚ್ಚಾಯಿತು, ಒಂದು ಕಪ್ ಸಾಕು. ಹೋಳಿಗೆಯ ಹೂರಣವನ್ನು ನೆನಪಿಸಿಕೊಳ್ಳಿ. ಹೂರಣ ನೀರಾದರೆ ಕಣಕ ಹರಿಯುವಂತೆ ಇಲ್ಲಿ ಕೆಳಗಿನ ಪದರ ನೆನೆದು ಮುದ್ದೆಯಾಗುತ್ತದೆ. ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕಲಕುತ್ತಾ ಬೇಯಿಸಿದ ಮೇಲೆ, ಸೌಟನ್ನು ಪಾತ್ರೆಯ ತಳದಲ್ಲಿ ಎಳೆದರೆ ಮೂಡುವ ದಾರಿ ಒಂದೆರಡು ಕ್ಷಣ ಹಾಗೆಯೇ ನಿಲ್ಲಬೇಕು. ಹದ ಅಷ್ಟೇ. ಸಿಪ್ಪೆ ಕರಗದೆ ಹಟ ಹಿಡಿದರೆ ಕಾಲು ಟೀ ಚಮಚ ಅಡುಗೆ ಸೋಡಾ ಹಾಕಬಹುದು. ಕ್ಷಾರಕ್ಕೆ ಸಿಪ್ಪೆಯಲ್ಲಿರುವ ಪೆಕ್ಟಿನ್ ಸಡಿಲವಾಗುತ್ತದೆ, ಬಣ್ಣವೂ ಗಾಢವಾಗುತ್ತದೆ. ನಿಂಬೆರಸ ಹಾಕುವುದಾದರೆ ಒಲೆ ಆರಿಸಿದ ಮೇಲೆ ಹಾಕಿ. ಸೋಡಾದ ಜೊತೆಗೇ ಹಾಕಿದರೆ ನೊರೆಯೆದ್ದು ಎರಡೂ ವ್ಯರ್ಥ. ಹೂರಣವನ್ನು ತಣಿಸಿಯೇ ಹರಡಬೇಕು, ಬಿಸಿಯಾಗಿ ಹರಡಿದರೆ ಕೆಳಗಿನ ಬೆಣ್ಣೆ ಓವನ್‌ಗೆ ಹೋಗುವ ಮೊದಲೇ ಕರಗುತ್ತದೆ.

ಬೆಣ್ಣೆಯನ್ನೂ ಸ್ವಲ್ಪ ಹೆಚ್ಚಿಸಿ. ಇಲ್ಲಿ 454 ಗ್ರಾಂ ತೂಕದ ಗಟ್ಟಿ ಸಿಗುತ್ತದಲ್ಲ, ಅದರಲ್ಲಿ ಸರಿಯಾಗಿ ಅರ್ಧ ಬಳಸಿ. ಮಿಶ್ರಣವನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉಂಡೆ ನಿಲ್ಲಬೇಕು, ಬೆರಳಿನಿಂದ ತಟ್ಟಿದರೆ ಉದುರಬೇಕು. ಅರ್ಧಕ್ಕಿಂತ ತುಸು ಹೆಚ್ಚು ಭಾಗವನ್ನು ಕೆಳಗೆ ಹಾಕಿ, ಚಪ್ಪಟೆ ತಳದ ಲೋಟದಿಂದ ಮೂಲೆಗಳವರೆಗೂ ಗಟ್ಟಿಯಾಗಿ ಒತ್ತಿ. ಮೇಲಿನ ಪದರವನ್ನು ಮಾತ್ರ ಅಂಗೈಯಿಂದ ಮೆಲ್ಲಗೆ ಸವರಿದರೆ ಸಾಕು. ಅದನ್ನೂ ಬಡಿದರೆ ಬಿಸ್ಕತ್ತಿನಂತಾಗುತ್ತದೆ. 30 ನಿಮಿಷ ಕಡಿಮೆಯಾಯಿತು. 35ರಿಂದ 40 ನಿಮಿಷ ಬಿಡಿ, ಅಂಚು ಹೊಂಬಣ್ಣಕ್ಕೆ ತಿರುಗಿ ಬದಿಗಳಲ್ಲಿ ಖರ್ಜೂರ ಗುಳ್ಳೆಯೇಳುವುದು ಕಾಣಬೇಕು. ಗಾಜಿನ ಪಾತ್ರೆಯಾದರೆ 325 ಡಿಗ್ರಿಗೆ ಇಳಿಸಿ, ಏಕೆಂದರೆ ಗಾಜು ನಿಧಾನವಾಗಿ ಕಾದರೂ ಶಾಖವನ್ನು ಬೇಗ ಬಿಟ್ಟುಕೊಡುವುದಿಲ್ಲ, ಅಂಚು ಕಪ್ಪಾಗುತ್ತದೆ.

ಗಾಜಿನ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಪ್ರೇರಿ ಎನ್ನುವ ನಮ್ಮ ಈ ಹುಲ್ಲುಗಾವಲಿನ ಬಯಲುಸೀಮೆಯಲ್ಲಿ ಜನವರಿಯಲ್ಲಿ ಹೊರಗಿನ ಜಗುಲಿಯೇ ಎಲ್ಲರ ದೊಡ್ಡ ಫ್ರಿಜ್. ಆದರೆ ಓವನ್‌ನಿಂದ ತೆಗೆದ ಗಾಜಿನ ಪಾತ್ರೆಯನ್ನು ಶೂನ್ಯಕ್ಕಿಂತ 30 ಡಿಗ್ರಿ ಕೆಳಗಿನ ಚಳಿಗೆ ನೇರವಾಗಿ ಇಟ್ಟರೆ ಅದು ಸಿಡಿಯುತ್ತದೆ. ನನ್ನದೊಂದು ಸಿಡಿದಿದೆ, ಹಿಮದಲ್ಲಿ ಬಿದ್ದ ಗಾಜಿನ ಚೂರುಗಳನ್ನು ಏಪ್ರಿಲ್‌ವರೆಗೂ ಹೆಕ್ಕಿದ್ದೇನೆ.

ನಾಗರಾಜ, ಮಾಂಟ್ರಿಯಲ್

ವಸಂತಾ ಅವರ ಮಾತನ್ನು ಬಹುಪಾಲು ಒಪ್ಪುತ್ತೇನೆ, ಎರಡು ವಿಷಯಗಳನ್ನು ಬಿಟ್ಟು. ಮೊದಲನೆಯದಾಗಿ, ಕೆಳಗಿನ ಪದರವನ್ನು ಒತ್ತಿದ ಮೇಲೆ ಖರ್ಜೂರ ಹಾಕುವ ಮುನ್ನ ಅದನ್ನಷ್ಟೇ ಹತ್ತು ನಿಮಿಷ ಬೇಕ್ ಮಾಡಿಕೊಂಡರೆ ತಳ ಎಂದೂ ಹಸಿಯಾಗಿ ಉಳಿಯುವುದಿಲ್ಲ. ಎರಡನೆಯದಾಗಿ, ಬೇಗ ಬೇಯುವ ಓಟ್ಸ್‌ಗಿಂತ ದೊಡ್ಡ ಎಸಳಿನ ಓಟ್ಸ್ ಒಳ್ಳೆಯದು. ಎರಡೂ ಆವಿಯಲ್ಲಿ ಬೇಯಿಸಿ ಉರುಳೆಯಲ್ಲಿ ಚಪ್ಪಟೆ ಮಾಡಿದ ಒಂದೇ ಧಾನ್ಯ. ಬೇಗ ಬೇಯುವುದನ್ನು ಕತ್ತರಿಸಿ ಇನ್ನಷ್ಟು ತೆಳ್ಳಗೆ ಮಾಡಿರುತ್ತಾರೆ, ಹೀಗಾಗಿ ಅಗಿಯುವ ಸುಖ ಕಡಿಮೆ. ಎಸಳಾಗಿಸದೆ ಕಾಳನ್ನು ತುಂಡರಿಸಿದ ‘ಸ್ಟೀಲ್ ಕಟ್’ ಓಟ್ಸ್ ಮಾತ್ರ ಬೇಡವೇ ಬೇಡ, ಹಲ್ಲಿಗೆ ಕಲ್ಲು ಸಿಕ್ಕಂತಾಗುತ್ತದೆ.

ಕ್ವಿಬೆಕ್‌ನಲ್ಲಿ ಇದಕ್ಕೆ ‘ಕಾರೆ ಓ ದಾತ್’ ಎನ್ನುತ್ತಾರೆ, ಅರ್ಥ ಖರ್ಜೂರದ ಚೌಕವೆಂದೇ. ‘ಮ್ಯಾಟ್ರಿಮೋನಿಯಲ್ ಕೇಕ್’ ಎಂಬುದು ನಿಮ್ಮ ಪಶ್ಚಿಮದ ಪ್ರಾಂತ್ಯಗಳ ಹೆಸರು. ಒರಟು ಪದರಗಳ ನಡುವೆ ಮೃದುವಾದ ಸಿಹಿ ಇರುವುದರಿಂದ ದಾಂಪತ್ಯವೂ ಹೀಗೆಯೇ ಎಂದು ಆ ಹೆಸರು ಬಂತೆಂದು ಹಿರಿಯರು ಹೇಳುತ್ತಾರೆ. ಇದನ್ನು ಕೇಳಿದ ನನ್ನ ಹೆಂಡತಿ, ಒರಟು ಪದರ ಯಾರೆಂದು ಮಾತ್ರ ಕೇಳಿದಳು. ಹೆಸರಿನ ಮೂಲ ಏನೇ ಇರಲಿ, ಪ್ರೇರಿಯಲ್ಲಿ ಈ ತಿನಿಸು ಬೇರೂರಿದ್ದು ಸಹಜವಾಗಿಯೇ ಇದೆ. ಓಟ್ಸ್ ಅಲ್ಲಿಯ ಹೊಲದ್ದು, ಕುದುರೆಗಳಿಗೂ ಮನುಷ್ಯರಿಗೂ ಅದೇ ಆಹಾರ, ಬೆಣ್ಣೆ ಮನೆಯದ್ದು. ತಾಜಾ ಹಣ್ಣು ಸಿಗದ ಉದ್ದನೆಯ ಚಳಿಗಾಲದಲ್ಲಿ ಕೆಡದೆ ಉಳಿಯುವ ಹಣ್ಣೆಂದರೆ ಒಣಗಿಸಿದ್ದು, ದೂರದ ಸರಕು ಆ ಬಯಲಿಗೆ ಬರುತ್ತಿದ್ದುದು 1885ರಲ್ಲಿ ಪೂರ್ಣಗೊಂಡ ಕೆನಡಿಯನ್ ಪೆಸಿಫಿಕ್ ರೈಲಿನಂಥ ಮಾರ್ಗಗಳಲ್ಲಿ.

ಹೂರಣಕ್ಕೆ ಸಕ್ಕರೆ ಹಾಕುವ ಅಭ್ಯಾಸ ಕೆಲವರಲ್ಲಿದೆ. ಖರ್ಜೂರದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ ಇರುವಾಗ ಅದು ಅನಗತ್ಯ. ಬದಲಾಗಿ ಒಂದು ನಿಂಬೆಯ ರಸವನ್ನೂ ತುರಿದ ಹೊರಸಿಪ್ಪೆಯನ್ನೂ ಸೇರಿಸಿ. ಕೆಲವರು ಕಿತ್ತಳೆ ಹಾಕುತ್ತಾರೆ, ಅದೂ ಚೆನ್ನ. ಏಲಕ್ಕಿಯನ್ನು ಮಾತ್ರ ದಯವಿಟ್ಟು ಹಾಕಬೇಡಿ. ನಾವು ಎಲ್ಲ ಸಿಹಿಗೂ ಏಲಕ್ಕಿ ಸುರಿದು ಎಲ್ಲವನ್ನೂ ಪಾಯಸ ಮಾಡುತ್ತೇವೆ.

ಶೈಲಜಾ, ಮೈಸೂರು

ಸುಮಾ ಅವರಿಗೆ ನಮಸ್ಕಾರ. ನಾನು ಮನೆಯಲ್ಲಿಯೇ ಬೇಕಿಂಗ್ ಮಾಡಿ ಪರಿಚಿತರಿಗೆ ಕೊಡುತ್ತೇನೆ. ಕೆನಡಾದಲ್ಲಿರುವ ಮಗಳಿಂದ ಇದನ್ನು ಕಲಿತು ಇಲ್ಲಿಯ ಪದಾರ್ಥಗಳಲ್ಲಿ ಹಲವು ಬಾರಿ ಮಾಡಿದ್ದರಿಂದ ನಿಮ್ಮ ಅತ್ತೆಯವರಿಗಾಗಿ ಇಷ್ಟು ಬರೆಯುತ್ತೇನೆ.

ಬೆಲ್ಲ ಬಳಸಬಹುದು, ಆದರೆ ಜೋನಿ ಬೆಲ್ಲವಾಗಲಿ ಮೆತ್ತಗಿನ ಅಚ್ಚಾಗಲಿ ಆಗದು. ಒಣಗಿದ ಬೆಲ್ಲದ ಪುಡಿಯನ್ನು ಜರಡಿ ಹಿಡಿದು ಒಂದು ಕಪ್ ಸಕ್ಕರೆಯ ಜಾಗದಲ್ಲಿ ಮುಕ್ಕಾಲು ಕಪ್ ಹಾಕಿದರೆ ಸಾಕು. ಗಂಟು ಉಳಿದರೆ ಓವನ್‌ನಲ್ಲಿ ಅಲ್ಲಲ್ಲೇ ಕರಗಿ, ಆರಿದ ಮೇಲೆ ಗಟ್ಟಿ ಚುಕ್ಕೆಗಳಾಗುತ್ತವೆ. ಬ್ರೌನ್ ಶುಗರ್‌ನಲ್ಲಿ ಕಾಕಂಬಿಯ ಹುಳಿಯಿದ್ದು ಅದು ಸೋಡಾದೊಡನೆ ಸೇರಿ ಪದರವನ್ನು ಹಗುರ ಮಾಡುತ್ತದೆ. ಬೆಲ್ಲದಲ್ಲಿಯೂ ಕಾಕಂಬಿ ಉಳಿದಿರುವುದರಿಂದ ಆ ಕೆಲಸಕ್ಕೆ ತೊಂದರೆಯಿಲ್ಲ. ಬರಿಯ ಬಿಳಿ ಸಕ್ಕರೆ ಹಾಕಿದರೆ ಬಣ್ಣವೂ ಬಾರದು, ಸೋಡಾದ ಒಗರು ನಾಲಿಗೆಗೆ ತಾಗುತ್ತದೆ.

ಇಲ್ಲಿ ಸಾಮಾನ್ಯವಾಗಿ ಸಿಗುವುದು ಉಪ್ಪು ಬೆರೆಸಿದ ಬೆಣ್ಣೆ. ಅದನ್ನು ಬಳಸಿದರೆ ಬೇರೆ ಉಪ್ಪು ಬೇಡ. ಬೆಣ್ಣೆ ಏಕೆ, ತುಪ್ಪ ಹಾಕೋಣ ಎಂದು ಅತ್ತೆಯವರು ಹೇಳಿಯೇ ಹೇಳುತ್ತಾರೆ. ನಾನೂ ಹಾಕಿ ನೋಡಿದ್ದೇನೆ. ಬೆಣ್ಣೆಯಲ್ಲಿ ಸುಮಾರು ನೂರಕ್ಕೆ ಹದಿನಾರು ಪಾಲು ನೀರಿದ್ದು ಅದು ಹಿಟ್ಟನ್ನು ಹಿಡಿದಿಡಲು ನೆರವಾಗುತ್ತದೆ. ತುಪ್ಪದಲ್ಲಿ ನೀರಿಲ್ಲ, ಪದರ ಮರಳು ಮರಳಾಗುತ್ತದೆ. ತುಪ್ಪವೇ ಬೇಕೆಂದರೆ ಅಳತೆಯಲ್ಲಿ ಐದನೆಯ ಒಂದು ಭಾಗ ತಗ್ಗಿಸಿ, ಎರಡು ಚಮಚ ತಣ್ಣಗಿನ ಹಾಲು ಚಿಮುಕಿಸಬೇಕು.

ಖರ್ಜೂರದ ವಿಷಯದಲ್ಲಿ ಹೆಚ್ಚು ಜಾಗ್ರತೆ ಬೇಕು. ಅಲ್ಲಿ ಬೇಕಿಂಗ್‌ಗೆಂದು ಒತ್ತಿ ಇಟ್ಟಿಗೆಯಂತೆ ಕಟ್ಟಿದ ಖರ್ಜೂರ ಒಣಗಿರುತ್ತದೆ, ಅದಕ್ಕೆ ಒಂದು ಕಪ್ ನೀರು ಸರಿ. ಇಲ್ಲಿ ಡಬ್ಬಿಯಲ್ಲಿ ಬರುವ ಕಪ್ಪು ಬಣ್ಣದ ಇರಾನಿ ಕಿಮಿಯಾ ಖರ್ಜೂರ ಬೆರಳಲ್ಲಿ ಒತ್ತಿದರೇ ಕರಗುವಷ್ಟು ಮೆತ್ತಗೆ. ಅದಕ್ಕೆ ಅರ್ಧ ಕಪ್ ನೀರೂ ಹೆಚ್ಚು. ಓಟಿಜಿಯನ್ನು 180 ಡಿಗ್ರಿ ಸೆಲ್ಸಿಯಸ್‌ಗೆ ಹದಿನೈದು ನಿಮಿಷ ಮೊದಲೇ ಕಾಯಿಸಿ, ಮೇಲಿನ ಕೆಳಗಿನ ಎರಡೂ ರಾಡ್ ಹಾಕಿ, ಟ್ರೇಯನ್ನು ನಡುವಿನ ಅಂತಸ್ತಿನಲ್ಲಿಡಿ. ಮೇಲೆ ಬೇಗ ಕೆಂಪಾದರೆ ಫಾಯಿಲ್ ಮುಚ್ಚಿ. ಅಂಗಡಿಯವರು ಅವಸರದಲ್ಲಿ ಮಸಾಲಾ ಓಟ್ಸ್ ಕೊಟ್ಟುಬಿಡುತ್ತಾರೆ, ಪೊಟ್ಟಣವನ್ನು ಓದಿ ತರಲಿ.

ಏಲಕ್ಕಿಯ ಬಗ್ಗೆ ನಾಗರಾಜ ಅವರೊಡನೆ ನನಗೆ ಜಗಳವಿದೆ. ಬೆಲ್ಲ ಹಾಕಿದಾಗ ಎರಡು ಏಲಕ್ಕಿ ಹಾಕಿದರೆ ಯಾರ ಗಂಟೂ ಹೋಗುವುದಿಲ್ಲ.

ಸುಮಾ, ರಿಜೈನಾ

ಎಲ್ಲರಿಗೂ ಕೃತಜ್ಞತೆಗಳು. ಶನಿವಾರ ರಾತ್ರಿ ನಾಲ್ಕನೆಯ ಬಾರಿ ಮಾಡಿದೆ. ನೀರು ಒಂದು ಕಪ್, ಬೆಣ್ಣೆ ಅರ್ಧ ಗಟ್ಟಿ, ದೊಡ್ಡ ಎಸಳಿನ ಓಟ್ಸ್. ಗಾಜು ಬಿಟ್ಟು ಲೋಹದ ಟ್ರೇ ತಂದು, ಬೇಕಿಂಗ್ ಪೇಪರನ್ನು ಎರಡು ಬದಿಗೂ ಹೊರಚಾಚುವಂತೆ ಹಾಸಿದ್ದರಿಂದ ಬೆಳಿಗ್ಗೆ ಇಡಿಯಾಗಿ ಎತ್ತಿ ಹಲಗೆಯ ಮೇಲಿಡಲು ಸಾಧ್ಯವಾಯಿತು. ಕೆಳಪದರವನ್ನು ಮೊದಲೇ ಬೇಕ್ ಮಾಡಲಿಲ್ಲ, ಆದರೂ ತಳ ಹಸಿಯಾಗಿರಲಿಲ್ಲ. ನಾಗರಾಜ ಅವರು ಮನ್ನಿಸಬೇಕು. ಉದ್ದನೆಯ ಚಾಕುವನ್ನು ಎಳೆಯದೆ ನೇರವಾಗಿ ಕೆಳಗೊತ್ತಿ, ಪ್ರತಿ ಬಾರಿಯೂ ಒರೆಸಿ ಕತ್ತರಿಸಿದೆ. ಇಪ್ಪತ್ತೈದರಲ್ಲಿ ಇಪ್ಪತ್ಮೂರು ಚೌಕಗಳು ಅಂಚು ಮುರಿಯದೆ ಬಂದವು.

ಪಕ್ಕದ ಮನೆಯವರಿಗೆ ಆರು ಕೊಟ್ಟೆ. ಅವರು ಒಂದನ್ನು ಬೆಳಕಿಗೆ ಹಿಡಿದು ಬದಿಯಿಂದ ನೋಡಿ, ತಮ್ಮ ತಾಯಿ ಖರ್ಜೂರವನ್ನು ಇದಕ್ಕಿಂತ ದಪ್ಪಗೆ ಹರಡುತ್ತಿದ್ದರೆಂದು ಹೇಳಿದರು. ಮುಂದಿನ ಬಾರಿ 600 ಗ್ರಾಂ ಹಾಕಬೇಕೆಂದಿದ್ದೇನೆ. ಕೊನೆಯದಾಗಿ ಒಂದು ಪ್ರಶ್ನೆ: ಅತ್ತೆಯವರು ಪ್ರಯಾಣಕ್ಕೆ ಒಂದಷ್ಟು ಕಟ್ಟಿಕೊಳ್ಳುವುದಾಗಿ ಹೇಳುತ್ತಿದ್ದಾರೆ. ಮೈಸೂರು ತಲುಪುವವರೆಗೆ ಉಳಿಯುವುದೇ?

ವಸಂತಾ, ವಿನಿಪೆಗ್

ಉಳಿಯುತ್ತದೆ. ಕತ್ತರಿಸಿದ ಚೌಕಗಳನ್ನು ಬಿಡಿಬಿಡಿಯಾಗಿ ಬೇಕಿಂಗ್ ಪೇಪರಿನಲ್ಲಿ ಸುತ್ತಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಹೊರಡುವ ದಿನದವರೆಗೂ ಫ್ರೀಜರ್‌ನಲ್ಲಿಡಿ. ಗಟ್ಟಿಯಾಗಿಯೇ ಕಟ್ಟಿದರೆ ದಾರಿಯಲ್ಲಿ ಮೆಲ್ಲಗೆ ಕರಗುತ್ತಾ ಹೋಗುತ್ತದೆ, ಒತ್ತಡಕ್ಕೆ ಮುರಿಯುವುದೂ ಕಡಿಮೆ. ಡಬ್ಬಿಯನ್ನು ಸೂಟ್‌ಕೇಸಿನ ನಡುವೆ ಬಟ್ಟೆಗಳೊಳಗಿಡಿ. ಕೈಚೀಲದಲ್ಲಿಟ್ಟರೆ ಮೈಸೂರಿಗಿಂತ ಬಹಳ ಮೊದಲೇ ಮುಗಿಯುತ್ತದೆ ಎಂಬುದು ನನ್ನ ಅನುಭವ.