ಸ್ಕೇಲ್ ಇನ್ ಆಗುವಾಗ (ಲೋಡ್ ಇಳಿದು ಸರ್ವರ್‌ಗಳ ಸಂಖ್ಯೆ ತಗ್ಗಿಸುವಾಗ) ಸರ್ವರ್‌ಗಳನ್ನು ಮೆತ್ತಗೆ ನಿಲ್ಲಿಸುವುದು ಹೇಗೆ? ನಿಮ್ಮ ಅನುಭವ ಹೇಳಿ

ಕೇಳಿದವರು:

ನಮ್ಮದು ಬಸ್ ಟಿಕೆಟ್ ಬುಕ್ ಮಾಡುವ ಸಣ್ಣ ಸೇವೆ. ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯೂಎಸ್‌ನ ಮುಂಬೈ ರೀಜನ್‌ನಲ್ಲಿ ಓಡುತ್ತದೆ. ರಿಕ್ವೆಸ್ಟ್‌ಗಳನ್ನು ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಹಿಂದೆ, ಲೋಡ್ ನೋಡಿ ಸರ್ವರ್ ಏರಿಸಿ ಇಳಿಸುವ ಒಂದು ಆಟೋ ಸ್ಕೇಲಿಂಗ್ ಗ್ರೂಪ್ ಇದೆ, ಅದರಲ್ಲಿ ಡಾಕರ್ ಒಳಗೆ ನೋಡ್‌ಜೆಎಸ್ ಆ್ಯಪ್. ಟಿಕೆಟ್ ಪಿಡಿಎಫ್ ಮಾಡಿ ಮೇಲ್ ಕಳಿಸುವ ವರ್ಕರ್‌ಗಳು ಇನ್ನೊಂದು ಗ್ರೂಪ್‌ನಲ್ಲಿವೆ, ಎಸ್‌ಕ್ಯೂಎಸ್ ಕ್ಯೂನಿಂದ ಕೆಲಸ ಎತ್ತಿಕೊಳ್ಳುತ್ತವೆ. ಹಬ್ಬದ ಹಿಂದಿನ ದಿನಗಳಲ್ಲಿ ಸರ್ವರ್‌ಗಳ ಸಂಖ್ಯೆ ಚೆನ್ನಾಗಿಯೇ ಏರುತ್ತದೆ. ತೊಂದರೆ ಇರುವುದು ಇಳಿಯುವಾಗ. ರಾತ್ರಿ ಹನ್ನೊಂದರ ಮೇಲೆ ಗ್ರೂಪ್ ಕುಗ್ಗಲು ಶುರುವಾದರೆ 502 (ಹಿಂದಿನ ಸರ್ವರ್‌ನಿಂದ ಸರಿಯಾದ ಉತ್ತರ ಸಿಗಲಿಲ್ಲ ಅನ್ನುವ ಎರರ್) ಬರುತ್ತವೆ, ಕೆಲವರಿಗೆ ದುಡ್ಡು ಕಟ್ ಆಗಿ ಪುಟ ಖಾಲಿ ಬರುತ್ತದೆ, ಪಿಡಿಎಫ್ ಅರ್ಧಕ್ಕೆ ನಿಲ್ಲುತ್ತದೆ. ಸತ್ತ ಸರ್ವರ್‌ನ ಕೊನೆಯ ಲಾಗ್ ಕೂಡ ಸಿಗುವುದಿಲ್ಲ. ಇದನ್ನು ಸರಿ ಮಾಡಿದವರು ಎಲ್ಲಿಂದ ಶುರು ಮಾಡಿದಿರಿ?

ಪೇಮೆಂಟ್ ಬ್ಯಾಕೆಂಡ್‌ನಲ್ಲಿರುವವರು, ಬೆಂಗಳೂರು:

ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ಆ 502ಗಳು ಇಳಿಯುವಾಗ ಮಾತ್ರ ಬರುತ್ತವಾ, ದಿನವಿಡೀ ಅಲ್ಲೊಂದು ಇಲ್ಲೊಂದು ಬರುತ್ತವಾ? ಆ್ಯಪ್ಲಿಕೇಷನ್ ಲೋಡ್ ಬ್ಯಾಲೆನ್ಸರ್‌ನ ಐಡಲ್ ಟೈಮ್‌ಔಟ್, ಅಂದರೆ ಸುಮ್ಮನಿರುವ ಕನೆಕ್ಷನ್ ಅನ್ನು ತೆರೆದಿಡುವ ಹೊತ್ತು, ಡೀಫಾಲ್ಟ್ ಆಗಿ 60 ಸೆಕೆಂಡ್. ನೋಡ್‌ನಲ್ಲಿ ಅದೇ ಥರದ ಕೀಪ್ ಅಲೈವ್ ಟೈಮ್‌ಔಟ್ ಬಹಳ ಕಾಲದಿಂದ 5 ಸೆಕೆಂಡ್. ಅಂದರೆ ಲೋಡ್ ಬ್ಯಾಲೆನ್ಸರ್ "ಈ ಕನೆಕ್ಷನ್ ಇನ್ನೂ ಇದೆ" ಅಂದುಕೊಂಡು ರಿಕ್ವೆಸ್ಟ್ ಕಳಿಸುವ ಹೊತ್ತಿಗೆ ನಿಮ್ಮ ಆ್ಯಪ್ ಅದನ್ನು ಮುಚ್ಚಿರುತ್ತದೆ. ಆಗಲೂ 502. ಇದಕ್ಕೂ ಸ್ಕೇಲ್ ಇನ್‌ಗೂ ಸಂಬಂಧ ಇಲ್ಲ. ಆ್ಯಪ್‌ನ ಕೀಪ್ ಅಲೈವ್ ಅನ್ನು 60ಕ್ಕಿಂತ ಜಾಸ್ತಿ ಇಡಿ, 65 ಇಟ್ಟರೆ ಸಾಕು. ಇದು ಹೋದ ಮೇಲೆ ಉಳಿಯುವ 502ಗಳೇ ನಿಮ್ಮ ನಿಜವಾದ ತೊಂದರೆ.

ಈಗ ಮುಖ್ಯ ವಿಷಯ. ದರ್ಶಿನಿ ಮುಚ್ಚುವ ಹೊತ್ತಿಗೆ ಮೊದಲು ಶಟರ್ ಅರ್ಧ ಎಳೆಯುತ್ತಾರೆ, ಒಳಗೆ ತಿನ್ನುತ್ತಿರುವವರನ್ನು ಎಬ್ಬಿಸುವುದಿಲ್ಲ, ಅಲ್ವಾ? ಸರ್ವರ್‌ಗೂ ಅದೇ ಕ್ರಮ. ಹೊಸ ರಿಕ್ವೆಸ್ಟ್ ಬರುವುದು ಮೊದಲು ನಿಲ್ಲಬೇಕು. ಆಮೇಲೆ ಕೈಯಲ್ಲಿರುವುದು ಮುಗಿಯಬೇಕು. ಆಮೇಲೆ ಪ್ರೋಸೆಸ್ ಸಾಯಬೇಕು. ನಾನು ನೋಡಿದ ಹೆಚ್ಚಿನ ಕೇಸುಗಳಲ್ಲಿ ಈ ಕ್ರಮವೇ ತಿರುವುಮುರುವಾಗಿರುತ್ತದೆ.

ಮೊದಲ ಹಂತವನ್ನು ಗ್ರೂಪ್ ತಾನೇ ಮಾಡುತ್ತದೆ. ಸ್ಕೇಲ್ ಇನ್‌ಗೆ ಆಯ್ದ ಸರ್ವರ್ ಅನ್ನು ಟಾರ್ಗೆಟ್ ಗ್ರೂಪ್‌ನಿಂದ (ಲೋಡ್ ಬ್ಯಾಲೆನ್ಸರ್ ರಿಕ್ವೆಸ್ಟ್ ಕಳಿಸುವ ಸರ್ವರ್‌ಗಳ ಪಟ್ಟಿಯಿಂದ) ತೆಗೆಯುತ್ತದೆ, ಅದು ಡ್ರೈನಿಂಗ್ ಸ್ಥಿತಿಗೆ ಹೋಗುತ್ತದೆ, ಅಂದರೆ ಹೊಸದು ಬರುವುದಿಲ್ಲ, ಇರುವುದು ಮುಗಿಯುತ್ತದೆ. ಎಷ್ಟು ಹೊತ್ತು ಕಾಯಬೇಕು ಅನ್ನುವುದು ಡೀರಿಜಿಸ್ಟ್ರೇಷನ್ ಡಿಲೇ, ಡೀಫಾಲ್ಟ್ 300 ಸೆಕೆಂಡ್. ನಿಮ್ಮ ಅತಿ ನಿಧಾನದ ರಿಕ್ವೆಸ್ಟ್ 20 ಸೆಕೆಂಡ್ ಆದರೆ 300 ಯಾಕೆ? 45 ಅಥವಾ 60 ಮಾಡಿ. ಡಿಪ್ಲಾಯ್ ಕೂಡ ಬೇಗ ಮುಗಿಯುತ್ತದೆ. ಆದರೆ ಯಾರೋ ಎಲ್ಲೋ ಓದಿ ಇದನ್ನು 0 ಮಾಡಿಟ್ಟಿರುವುದನ್ನೂ ನೋಡಿದ್ದೇನೆ. ನಿಮ್ಮಲ್ಲಿ ಎಷ್ಟಿದೆ ಅಂತ ಒಮ್ಮೆ ನೋಡಿ.

ಎರಡನೆಯ ಹಂತಕ್ಕೆ ಲೈಫ್‌ಸೈಕಲ್ ಹುಕ್ ಬೇಕು. ಟರ್ಮಿನೇಟ್ ಆಗುವ ಮುಂಚೆ ಸರ್ವರ್ ಅನ್ನು ಟರ್ಮಿನೇಟಿಂಗ್ ವೇಟ್ ಸ್ಥಿತಿಯಲ್ಲಿ ಹಿಡಿದಿಡುವ ಕೊಕ್ಕೆ ಇದು. ಇಲ್ಲೊಂದು ಮೋಸ ಇದೆ. ಹುಕ್ ಹಾಕಿದಾಕ್ಷಣ ನಿಮ್ಮ ಆ್ಯಪ್‌ಗೆ ಯಾರೂ ಏನೂ ಹೇಳುವುದಿಲ್ಲ. ಆ ಸ್ಥಿತಿಯಲ್ಲಿ ಒಎಸ್‌ಗೆ ಷಟ್‌ಡೌನ್ ಸುದ್ದಿಯೇ ಬಂದಿರುವುದಿಲ್ಲ, ಪ್ರೋಸೆಸ್‌ಗೆ "ನಿಲ್ಲು" ಅನ್ನುವ ಸಿಗ್‌ಟರ್ಮ್ ಸಿಗ್ನಲ್ ಬರುವುದಿಲ್ಲ. ಸರ್ವರ್ ಸುಮ್ನೆ ನಿಂತಿರುತ್ತದೆ. ಸುದ್ದಿ ಮುಟ್ಟಿಸುವ ಕೆಲಸ ನಿಮ್ಮದೇ.

ಸುಲಭದ ದಾರಿ: ಸರ್ವರ್ ಒಳಗೇ ಒಂದು ಪುಟ್ಟ ಸ್ಕ್ರಿಪ್ಟ್ ಇಡಿ. ಸರ್ವರ್ ತನ್ನ ಬಗ್ಗೆ ತಾನೇ ಕೇಳಿ ತಿಳಿಯುವ 169.254.169.254 ವಿಳಾಸದ ಮೆಟಾಡೇಟಾದಲ್ಲಿ ಆಟೋ ಸ್ಕೇಲಿಂಗ್ ಕೆಳಗೆ ಟಾರ್ಗೆಟ್ ಲೈಫ್‌ಸೈಕಲ್ ಸ್ಟೇಟ್ ಅಂತ ಇದೆ, ಸ್ಕ್ರಿಪ್ಟ್ ಅದನ್ನು ಐದೈದು ಸೆಕೆಂಡ್‌ಗೆ ಓದಲಿ. ಅದು ಟರ್ಮಿನೇಟೆಡ್ ಅಂತ ಬದಲಾದರೆ ಡ್ರೈನ್ ಆಗುವಷ್ಟು ಹೊತ್ತು ಕಾದು, ಆ್ಯಪ್ ನಿಲ್ಲಿಸಿ, ಲಾಗ್ ಕಳಿಸಿ, ಕೊನೆಗೆ "ಇನ್ನು ಬಿಡಬಹುದು" ಅಂತ ಗ್ರೂಪ್‌ಗೆ ಹೇಳುವ ಕಂಪ್ಲೀಟ್ ಲೈಫ್‌ಸೈಕಲ್ ಆ್ಯಕ್ಷನ್ ಕರೆಯಲಿ. ಇವೆಂಟ್‌ಬ್ರಿಡ್ಜ್‌ನಿಂದ ಸಿಸ್ಟಮ್ಸ್ ಮ್ಯಾನೇಜರ್‌ನ ರನ್ ಕಮಾಂಡ್ ಕಳಿಸುವ ದಾರಿಯೂ ಇದೆ. ನನಗೆ ಸ್ಕ್ರಿಪ್ಟೇ ಇಷ್ಟ, ಕೆಟ್ಟರೆ ಹುಡುಕುವ ಜಾಗ ಒಂದೇ.

ಹುಕ್‌ನ ಡೀಫಾಲ್ಟ್ ಟೈಮ್‌ಔಟ್ 3600 ಸೆಕೆಂಡ್. ನಿಮ್ಮ ಸ್ಕ್ರಿಪ್ಟ್ ನಡುವೆ ಬಿದ್ದರೆ ಸರ್ವರ್ ಒಂದು ಗಂಟೆ ಕೆಲಸ ಇಲ್ಲದೆ ನಿಂತಿರುತ್ತದೆ, ಬಿಲ್ ಓಡುತ್ತಿರುತ್ತದೆ. ಅದನ್ನು ನಿಮ್ಮ ಲೆಕ್ಕಕ್ಕೆ ತಕ್ಕ ಹಾಗೆ ಇಳಿಸಿ.

ಕಂಟೇನರ್ ಕೆಲಸ ಮಾಡುವವರು, ಹುಬ್ಬಳ್ಳಿ:

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಡಾಕರ್ ಅಂದಿದ್ದೀರಿ, ಹಾಗಾಗಿ ಸಿಗ್‌ಟರ್ಮ್ ನಿಜವಾಗಿ ನೋಡ್‌ಗೆ ಮುಟ್ಟುತ್ತದಾ ಅಂತ ಮೊದಲು ಪರೀಕ್ಷೆ ಮಾಡಿ. ಡಾಕರ್‌ಫೈಲ್‌ನ ಸಿಎಂಡಿ ಸಾಲನ್ನು ಶೆಲ್ ರೂಪದಲ್ಲಿ ಬರೆದಿದ್ದರೆ ಒಂದನೇ ನಂಬರ್ ಪ್ರೋಸೆಸ್ ಆಗಿ ಕೂತಿರುವುದು ಶೆಲ್, ನೋಡ್ ಅಲ್ಲ. ಶೆಲ್ ಆ ಸಿಗ್ನಲ್ ಅನ್ನು ಮಗುವಿಗೆ ದಾಟಿಸುವುದಿಲ್ಲ. ಎನ್‌ಪಿಎಂ ಸ್ಟಾರ್ಟ್ ಮೂಲಕ ಎಬ್ಬಿಸಿದರೂ ನಂಬಿಕೆ ಇಡಬೇಡಿ. ಚೌಕ ಆವರಣದ ರೂಪದಲ್ಲಿ ನೇರವಾಗಿ ನೋಡ್ ಅನ್ನೇ ಬರೆಯಿರಿ.

ನೇರ ಬರೆದರೂ ಇನ್ನೊಂದು ಇದೆ. ಲಿನಕ್ಸ್‌ನಲ್ಲಿ ಒಂದನೇ ನಂಬರ್ ಪ್ರೋಸೆಸ್‌ಗೆ ವಿಶೇಷ ಮರ್ಯಾದೆ. ನೀವು ಹ್ಯಾಂಡ್ಲರ್ ಬರೆಯದಿದ್ದರೆ ಸಿಗ್‌ಟರ್ಮ್ ಬಂದರೂ ಅದು ಸಾಯುವುದಿಲ್ಲ, ಕೇಳಿಸದ ಹಾಗೆ ಇರುತ್ತದೆ. ಆಮೇಲೆ ಡಾಕರ್ ಸ್ಟಾಪ್ 10 ಸೆಕೆಂಡ್ ಕಾದು, ತಕ್ಷಣ ಕೊಲ್ಲುವ ಸಿಗ್‌ಕಿಲ್ ಹೊಡೆಯುತ್ತದೆ. ನಿಮ್ಮ ಖಾಲಿ ಪುಟಗಳಿಗೆ ಇದೇ ಕಾರಣ ಅಂತ ನನ್ನ ಅನುಮಾನ. ಪರೀಕ್ಷೆ ಸುಲಭ: ಡಾಕರ್ ಸ್ಟಾಪ್ ಕೊಟ್ಟು ಗಡಿಯಾರ ನೋಡಿ. ಪ್ರತಿ ಸಲ ಸರಿಯಾಗಿ ಹತ್ತು ಸೆಕೆಂಡ್ ಹಿಡಿದರೆ ಸಿಗ್ನಲ್ ಮುಟ್ಟುತ್ತಿಲ್ಲ ಎಂದೇ ತಿಳಿಯಿರಿ.

ನೋಡ್‌ನಲ್ಲಿ ಸರ್ವರ್ ಕ್ಲೋಸ್ ಕರೆದರೆ ಹೊಸ ಕನೆಕ್ಷನ್ ತೆಗೆದುಕೊಳ್ಳುವುದು ನಿಲ್ಲುತ್ತದೆ. ಆದರೆ ಹಳೆಯ ಆವೃತ್ತಿಗಳಲ್ಲಿ ಸುಮ್ಮನಿರುವ ಕೀಪ್ ಅಲೈವ್ ಕನೆಕ್ಷನ್‌ಗಳು ಹಾಗೇ ಉಳಿದು ಪ್ರೋಸೆಸ್ ಸಾಯಲು ಬಿಡುವುದಿಲ್ಲ. ನೋಡ್ 18.2ರಿಂದ ಅವನ್ನು ಮುಚ್ಚಲು ಬೇರೆ ಫಂಕ್ಷನ್ ಬಂದಿದೆ. 19ರಿಂದ ಕ್ಲೋಸ್ ತಾನೇ ಅದನ್ನು ಮಾಡುತ್ತದೆ. ನೋಡ್‌ನ ಮುಂದೆ ಎಂಜಿನ್‌ಎಕ್ಸ್ ವೆಬ್ ಸರ್ವರ್ ಇದ್ದರೆ ಅದಕ್ಕೆ ಸಿಗ್‌ಟರ್ಮ್ ಅಂದರೆ ಬೇಗ ಸಾಯಿ ಅಂತ ಅರ್ಥ. ಮೆತ್ತಗೆ ನಿಲ್ಲಲು ಸಿಗ್‌ಕ್ವಿಟ್ ಕಳಿಸಬೇಕು.

ಕೇಳಿದವರು:

ಈಗಷ್ಟೇ ನೋಡಿದೆ, ಸರಿಯಾಗಿ ಹತ್ತು ಸೆಕೆಂಡ್! ಶೆಲ್ ರೂಪದಲ್ಲೇ ಇತ್ತು. ಧನ್ಯವಾದ ಸರ್. ಇಷ್ಟೊಂದು ಟೈಮ್‌ಔಟ್‌ಗಳಲ್ಲಿ ಯಾವುದು ಯಾವುದಕ್ಕಿಂತ ದೊಡ್ಡದಿರಬೇಕು?

ಪೇಮೆಂಟ್ ಬ್ಯಾಕೆಂಡ್‌ನವರು:

ಒಳಗಿನದು ಚಿಕ್ಕದು, ಹೊರಗಿನದು ದೊಡ್ಡದು. ರಿಕ್ವೆಸ್ಟ್ ಗರಿಷ್ಠ 20 ಸೆಕೆಂಡ್ ಅಂದುಕೊಳ್ಳಿ. ಆ್ಯಪ್ ತಾನೇ ಕಾಯುವ ಮಿತಿ 25. ಡಾಕರ್ ಸ್ಟಾಪ್‌ನ ಮಿತಿ 30. ಆ ಕಂಟೇನರ್ ಅನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸೇವೆಗಳನ್ನು ಎಬ್ಬಿಸಿ ನಿಲ್ಲಿಸುವ ಪ್ರೋಗ್ರಾಂ) ಯೂನಿಟ್‌ಗೆ 40, ಅದರ ಡೀಫಾಲ್ಟ್ 90 ಸೆಕೆಂಡ್ ಇರುತ್ತದೆ, ಹಾಗೇ ಬಿಟ್ಟರೂ ನಡೆಯುತ್ತದೆ. ಡೀರಿಜಿಸ್ಟ್ರೇಷನ್ 45. ಹುಕ್‌ನ ಟೈಮ್‌ಔಟ್ ಇವೆರಡನ್ನೂ ಕೂಡಿಸಿದರೂ ಇನ್ನೂ ಮಿಗುವಷ್ಟು, 180 ಇಡಿ. ಒಳಗಿನದು ಹೊರಗಿನದಕ್ಕಿಂತ ಉದ್ದವಾದರೆ ನೀವು ಬರೆದ ಚಂದದ ಕೋಡ್ ಓಡುವ ಮೊದಲೇ ಸಿಗ್‌ಕಿಲ್ ಬಂದಿರುತ್ತದೆ.

ಕ್ಯೂ ಮತ್ತು ಬ್ಯಾಚ್ ಕೆಲಸ ಮಾಡುವವರು, ಮಂಗಳೂರು:

ವರ್ಕರ್‌ಗಳ ವಿಷಯ ಯಾರೂ ಮುಟ್ಟಲಿಲ್ಲ, ನಾನು ಹೇಳುತ್ತೇನೆ. ಇಲ್ಲಿ ಲೋಡ್ ಬ್ಯಾಲೆನ್ಸರ್ ಇಲ್ಲ, ಡ್ರೈನಿಂಗ್ ಅನ್ನುವುದೂ ಇಲ್ಲ. ವರ್ಕರ್ ತಾನೇ ಕ್ಯೂನಿಂದ ಎಳೆಯುತ್ತದೆ. ಹಾಗಾಗಿ ಸಿಗ್‌ಟರ್ಮ್ ಬಂದ ಕೂಡಲೇ ಮಾಡಬೇಕಾದ್ದು ಎಳೆಯುವುದನ್ನು ನಿಲ್ಲಿಸುವುದು. ಎಸ್‌ಕ್ಯೂಎಸ್‌ನಲ್ಲಿ ಲಾಂಗ್ ಪೋಲಿಂಗ್, ಅಂದರೆ ಮೆಸೇಜ್ ಬರುವವರೆಗೆ ಕಾಯುವ ಕರೆ, 20 ಸೆಕೆಂಡ್‌ವರೆಗೆ ಇರಬಹುದು. ನೀವು ನಿಲ್ಲಿಸಲು ಹೊರಟಾಗ ಒಂದು ಕರೆ ಅರ್ಧದಲ್ಲಿದ್ದು, ಅದರಲ್ಲೇ ಮೆಸೇಜ್ ಬಂದುಬಿಡಬಹುದು. ಅದನ್ನು ಮರೆಯಬೇಡಿ.

ಕೈಯಲ್ಲಿರುವ ಕೆಲಸ ಮುಗಿಯುವ ಹಾಗಿದ್ದರೆ ಮುಗಿಸಿ, ಮುಗಿದ ಮೇಲೆ ಮಾತ್ರ ಮೆಸೇಜ್ ಡಿಲೀಟ್ ಮಾಡಿ. ಮುಗಿಯುವುದಿಲ್ಲ ಅನ್ನಿಸಿದರೆ ವಿಸಿಬಿಲಿಟಿ ಟೈಮ್‌ಔಟ್ ಅನ್ನು (ಎತ್ತಿಕೊಂಡ ಮೆಸೇಜ್ ಬೇರೆಯವರಿಗೆ ಕಾಣದಿರುವ ಹೊತ್ತು) 0 ಮಾಡಿ ಬಿಟ್ಟುಕೊಡಿ, ಬೇರೆ ವರ್ಕರ್ ತಕ್ಷಣ ಎತ್ತಿಕೊಳ್ಳುತ್ತದೆ. ಹಾಗೆ ಬಿಟ್ಟುಕೊಡದೆ ಸತ್ತರೂ ಮೆಸೇಜ್ ಕಳೆಯುವುದಿಲ್ಲ, ಟೈಮ್‌ಔಟ್ ಮುಗಿದ ಮೇಲೆ ವಾಪಸ್ ಕಾಣುತ್ತದೆ. ಡೀಫಾಲ್ಟ್ 30 ಸೆಕೆಂಡ್, ಗರಿಷ್ಠ 12 ಗಂಟೆ. ಅದನ್ನು 12 ಗಂಟೆಗೆ ಇಟ್ಟು ಮರೆತವರ ಕ್ಯೂನಲ್ಲಿ ರಾತ್ರಿ ಸತ್ತ ಕೆಲಸ ಮರುದಿನ ಮಧ್ಯಾಹ್ನ ಏಳುತ್ತದೆ. ಪ್ರಯಾಣಿಕ ಬಸ್ ಇಳಿದ ಮೇಲೆ ಟಿಕೆಟ್ ಬಂದರೆ ಏನು ಪ್ರಯೋಜನ ಹೇಳಿ.

ಇನ್ನೊಂದು ಉಪಾಯ ಸ್ಕೇಲ್ ಇನ್ ಪ್ರೊಟೆಕ್ಷನ್. ಕೆಲಸ ಎತ್ತಿಕೊಂಡಾಗ ವರ್ಕರ್ ತನ್ನ ಸರ್ವರ್‌ಗೆ ಪ್ರೊಟೆಕ್ಷನ್ ಹಾಕಿಕೊಳ್ಳುತ್ತದೆ, ಮುಗಿದಾಗ ತೆಗೆಯುತ್ತದೆ. ಗ್ರೂಪ್ ಆಗ ಖಾಲಿ ಇರುವ ಸರ್ವರ್‌ಗಳನ್ನೇ ಆಯ್ದು ಇಳಿಸುತ್ತದೆ. ಅರ್ಧ ಗಂಟೆ ಹಿಡಿಯುವ ವಿಡಿಯೊ ಕೆಲಸಗಳಿಗೆ ಇದು ಬಹಳ ಚೆನ್ನ. ಎರಡು ಸೆಕೆಂಡಿನ ಪಿಡಿಎಫ್‌ಗೆ ಬೇಡ. ಪ್ರತಿ ಪಿಡಿಎಫ್‌ಗೂ ಎರಡು ಎಪಿಐ ಕರೆ ಹೋಗಿ ಥ್ರಾಟಲ್ ಆಗುತ್ತೀರಿ, ಅಂದರೆ ಕರೆ ಜಾಸ್ತಿಯಾಯಿತು ಅಂತ ಎಡಬ್ಲ್ಯೂಎಸ್ ತಡೆಯುತ್ತದೆ.

ಸ್ಪಾಟ್ ಬಳಸುವವರು, ಪುಣೆ:

ವರ್ಕರ್‌ಗಳನ್ನು ಸ್ಪಾಟ್‌ನಲ್ಲಿ (ಕಡಿಮೆ ಬೆಲೆಗೆ ಸಿಗುವ, ಆದರೆ ಬೇಕಾದಾಗ ವಾಪಸ್ ಕಿತ್ತುಕೊಳ್ಳುವ ಸರ್ವರ್‌ಗಳು) ಓಡಿಸುವ ಆಸೆ ಇದ್ದರೆ ಒಂದು ಮಾತು. ಆ ಪ್ರೊಟೆಕ್ಷನ್ ಸ್ಪಾಟ್ ಕಿತ್ತುಕೊಳ್ಳುವುದನ್ನು ತಡೆಯುವುದಿಲ್ಲ. ಎರಡು ನಿಮಿಷದ ನೋಟಿಸ್ ಸಿಗುತ್ತದೆ, ಹುಕ್ ಹಾಕಿದರೂ ಅದು ಉದ್ದವಾಗುವುದಿಲ್ಲ. ಗೂಗಲ್ ಕ್ಲೌಡ್‌ನ ಸ್ಪಾಟ್‌ನಲ್ಲಿ ಸಿಗುವುದು ಬರೀ 30 ಸೆಕೆಂಡ್. ರೀಬ್ಯಾಲೆನ್ಸ್ ರೆಕಮೆಂಡೇಷನ್ ಅನ್ನುವ ಸೂಚನೆ ಎರಡು ನಿಮಿಷಕ್ಕಿಂತ ಮುಂಚೆ ಬರಬಹುದು, ಬರದೆಯೂ ಇರಬಹುದು. ಎರಡು ನಿಮಿಷದಲ್ಲಿ ಮುಗಿಯದ ಅಥವಾ ಬಿಟ್ಟುಕೊಡಲಾಗದ ಕೆಲಸವನ್ನು ಸ್ಪಾಟ್‌ಗೆ ಹಾಕಬೇಡಿ, ಅಷ್ಟೇ.

ಹಳೆಯ ಸಿಸ್ಟಮ್ ಅಡ್ಮಿನ್, ಮೈಸೂರು:

ನಾನು ಸ್ವಲ್ಪ ತಕರಾರು ತೆಗೆಯುತ್ತೇನೆ. ನೀವೆಲ್ಲ ಸರ್ವರ್ ಒಳ್ಳೆಯ ಸಾವು ಸಾಯುತ್ತದೆ ಅಂದುಕೊಂಡು ಮಾತಾಡುತ್ತಿದ್ದೀರಿ. ಹಾರ್ಡ್‌ವೇರ್ ಕೈಕೊಟ್ಟರೆ, ಮೆಮೊರಿ ತುಂಬಿ ಕರ್ನೆಲ್ ಪ್ರೋಸೆಸ್ ಅನ್ನು ಕೊಂದರೆ ಯಾವ ಹುಕ್ಕೂ ಓಡುವುದಿಲ್ಲ. "ದುಡ್ಡು ಕಟ್ ಆಗಿ ಪುಟ ಖಾಲಿ" ಅನ್ನುವುದು ಷಟ್‌ಡೌನ್ ತೊಂದರೆಯೇ ಅಲ್ಲ. ಪೇಮೆಂಟ್ ಆದದ್ದನ್ನು ಡೇಟಾಬೇಸ್‌ನಲ್ಲಿ ಬರೆಯುವ ಮುಂಚೆ ಯಾರೇ ಸತ್ತರೂ ಆಮೇಲೆ ಪೇಮೆಂಟ್ ಗೇಟ್‌ವೇಯನ್ನು ಕೇಳಿ ಸರಿಪಡಿಸುವ ಒಂದು ಕೆಲಸ ಇರಲೇಬೇಕು. ಪ್ರತಿ ಬುಕಿಂಗ್‌ಗೆ ಒಂದು ಕೀ ಕೊಟ್ಟು, ಅದೇ ಕೀ ಎರಡನೇ ಸಲ ಬಂದರೆ ಹೊಸ ಟಿಕೆಟ್ ಮಾಡದೆ ಹಳೆಯದನ್ನೇ ಕೊಡಬೇಕು. ಎಸ್‌ಕ್ಯೂಎಸ್‌ನ ಸ್ಟ್ಯಾಂಡರ್ಡ್ ಕ್ಯೂ ಒಂದೇ ಮೆಸೇಜ್ ಅನ್ನು ಎರಡು ಸಲ ಕೊಡಬಹುದು, ಹಾಗಾಗಿ ವರ್ಕರ್‌ಗೂ ಇದೇ ನಿಯಮ. ಇದನ್ನು ಮೊದಲು ಮಾಡಿ, ಹುಕ್ ಆಮೇಲೆ.

ಪೇಮೆಂಟ್ ಬ್ಯಾಕೆಂಡ್‌ನವರು:

ದುಡ್ಡಿನ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ ಸರ್. ಆದರೆ ಹುಕ್ ಆಮೇಲೆ ಅನ್ನುವುದನ್ನು ಒಪ್ಪಲ್ಲ. ಹಾರ್ಡ್‌ವೇರ್ ಕೈಕೊಡುವುದು ಅಪರೂಪ. ಸ್ಕೇಲ್ ಇನ್ ದಿನಾ ರಾತ್ರಿ ನಡೆಯುತ್ತದೆ. ದಿನಾ ನಡೆಯುವುದನ್ನು ಅಪರೂಪದ ದಾರಿಯಲ್ಲಿ ಕಳಿಸಿದರೆ ಸರಿಪಡಿಸುವ ಕೆಲಸದ ಮೇಲೇ ಹೊರೆ ಬೀಳುತ್ತದೆ, ಗ್ರಾಹಕರ ಫೋನ್ ನಿಲ್ಲುವುದಿಲ್ಲ.

ಹಳೆಯ ಸಿಸ್ಟಮ್ ಅಡ್ಮಿನ್:

ಎರಡೂ ಬೇಕು ಅನ್ನಿ, ಜಗಳ ಬೇಡ. ಲಾಗ್ ಬಗ್ಗೆ ಕೇಳಿದ್ದರಲ್ಲ, ಅದು ನನ್ನ ಏರಿಯಾ. ಲಾಗ್ ಕಳಿಸುವ ಏಜೆಂಟ್ ಆ್ಯಪ್‌ಗಿಂತ ಮೊದಲು ಸಾಯುತ್ತಿರಬೇಕು ನಿಮ್ಮಲ್ಲಿ. ಸಿಸ್ಟಮ್‌ಡಿಯಲ್ಲಿ ಆ್ಯಪ್‌ನ ಯೂನಿಟ್ ಫೈಲ್‌ಗೆ ಆಫ್ಟರ್ ಅಂತ ಏಜೆಂಟ್ ಹೆಸರು ಬರೆಯಿರಿ. ಏಳುವಾಗ ಏಜೆಂಟ್ ಮೊದಲು, ಆ್ಯಪ್ ಆಮೇಲೆ. ಇಳಿಯುವಾಗ ಸಿಸ್ಟಮ್‌ಡಿ ಇದನ್ನೇ ತಿರುಗಿಸಿ ಆ್ಯಪ್ ಅನ್ನು ಮೊದಲು ನಿಲ್ಲಿಸುತ್ತದೆ. ಒಂದೇ ಸಾಲಿನ ಕೆಲಸ. ಗಂಟೆಗೊಮ್ಮೆ ಫೈಲ್ ತಿರುಗಿಸಿ ಎಸ್3ಗೆ ಹಾಕುವ ಪದ್ಧತಿ ಇದ್ದರೆ ಮಾತ್ರ ಬಿಡಿ ಅದನ್ನು, ಬಂದ ಬಂದ ಹಾಗೆ ಹೊರಗೆ ಕಳಿಸಿ.

ಕಂಟೇನರ್ ಕೆಲಸ ಮಾಡುವವರು:

ಮುಂದೆ ಕಂಟೇನರ್‌ಗಳನ್ನು ನಿರ್ವಹಿಸುವ ಕುಬರ್ನೆಟಿಸ್‌ಗೆ ಹೋಗುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಅಲ್ಲಿ ಪಾಡ್ (ಕಂಟೇನರ್ ಓಡುವ ಘಟಕ) ಅನ್ನು ರಿಕ್ವೆಸ್ಟ್ ಹೋಗುವ ಎಂಡ್‌ಪಾಯಿಂಟ್ ಪಟ್ಟಿಯಿಂದ ತೆಗೆಯುವುದೂ ಸಿಗ್‌ಟರ್ಮ್ ಕಳಿಸುವುದೂ ಒಂದೇ ಹೊತ್ತಿಗೆ ಶುರುವಾಗುತ್ತವೆ, ಒಂದಕ್ಕೊಂದು ಕಾಯುವುದಿಲ್ಲ. ಆ್ಯಪ್ ಬೇಗ ಸತ್ತರೆ ಇನ್ನೂ ಬರುತ್ತಿರುವ ರಿಕ್ವೆಸ್ಟ್‌ಗಳು ಬೀಳುತ್ತವೆ. ಅದಕ್ಕೇ ಸಿಗ್‌ಟರ್ಮ್‌ಗೆ ಮುಂಚೆ ಓಡುವ ಪ್ರೀಸ್ಟಾಪ್‌ನಲ್ಲಿ ಹತ್ತು ಹದಿನೈದು ಸೆಕೆಂಡ್ ಸ್ಲೀಪ್ ಹಾಕುತ್ತಾರೆ. ನೋಡಲು ನಗು ಬರುತ್ತದೆ, ಆದರೆ ಕೆಲಸ ಮಾಡುತ್ತದೆ. ಒಟ್ಟು ಗ್ರೇಸ್ ಪೀರಿಯಡ್ ಡೀಫಾಲ್ಟ್ 30 ಸೆಕೆಂಡ್, ಸ್ಲೀಪ್ ಕೂಡ ಅದರಲ್ಲೇ ಸೇರುತ್ತದೆ. 15 ನಿದ್ದೆಗೆ ಹೋದರೆ ಆ್ಯಪ್‌ಗೆ ಉಳಿಯುವುದು 15 ಮಾತ್ರ.

ಕೇಳಿದವರು:

ಸಿಎಂಡಿ ಸಾಲು ಮತ್ತು ಕೀಪ್ ಅಲೈವ್ ಇವತ್ತೇ ಬದಲಾಯಿಸುತ್ತೇನೆ. ಹುಕ್ ಹಾಕಿದ ಮೇಲೆ ಹಬ್ಬ ಬರುವವರೆಗೆ ಕಾಯದೆ ಪರೀಕ್ಷೆ ಮಾಡುವುದು ಹೇಗೆ? ಎಡಬ್ಲ್ಯೂಎಸ್‌ನ ಸರ್ವರ್‌ಗಳ ಇಸಿ2 ಪುಟದಲ್ಲಿ ಒಂದು ಸರ್ವರ್ ಟರ್ಮಿನೇಟ್ ಕೊಟ್ಟರೆ ಸಾಕಾ?

ಸ್ಪಾಟ್ ಬಳಸುವವರು:

ಬೇಡ. ಅಲ್ಲಿಂದ ನೇರ ಕೊಟ್ಟರೆ ಸರ್ವರ್ ಹುಕ್‌ಗೆ ಕಾಯದೆ ಹೋಗಿಬಿಡುತ್ತದೆ, ನೀವು ಪರೀಕ್ಷಿಸಿದ್ದು ಬೇರೆಯೇ ಆಗುತ್ತದೆ. ಗ್ರೂಪ್‌ನ ಡಿಸೈರ್ಡ್ ಕೆಪ್ಯಾಸಿಟಿಯನ್ನು ಒಂದು ಇಳಿಸಿ, ಅಥವಾ ಆಟೋ ಸ್ಕೇಲಿಂಗ್‌ನದೇ ಟರ್ಮಿನೇಟ್ ಕಮಾಂಡ್ ಬಳಸಿ. ಸ್ಟೇಜಿಂಗ್‌ನಲ್ಲಿ ಕೆ6 ಥರದ್ದರಿಂದ ಲೋಡ್ ಓಡುತ್ತಿರುವಾಗಲೇ ಇಳಿಸಿ, ಖಾಲಿ ಸರ್ವರ್ ಇಳಿಸಿದರೆ ಏನೂ ಗೊತ್ತಾಗುವುದಿಲ್ಲ. ಒಮ್ಮೆ ಸ್ಕ್ರಿಪ್ಟ್ ಅನ್ನು ಬೇಕಂತಲೇ ಕೊಂದು, ಹುಕ್ 180 ಸೆಕೆಂಡ್‌ಗೆ ತಾನೇ ಬಿಡುತ್ತದಾ ಅಂತಲೂ ನೋಡಿಕೊಳ್ಳಿ.